ಏಳನೇ ಕುಲುಮೆ: ಕೊನೆಗೂ ಕಿಟ್ಟ ಹರಿಯಿತು

ಇದ್ದಿಲಿನ ಗೂಡಿನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ನನ್ನ ಏಳನೇ ಪ್ರಯತ್ನವಿದು. ಕಳೆದ ಭಾನುವಾರ ಸಂಜೆ ಐದೂವರೆಗೆ ಕುಲುಮೆಯ ಬುಡದ ಕಿಂಡಿ ಒಡೆದೆ. ಕಬ್ಬಿನ ಗಾಣದಲ್ಲಿ ಕುದಿಯುವ ಬೆಲ್ಲದ ಪಾಕದಂತೆ ಕಿಟ್ಟ (ಅದಿರಿನ ಕಲ್ಮಶ ಕರಗಿ ಆಗುವ ಕಸ) ಕೆಂಪಗೆ ಹೊರಬಂದು, ಮಣ್ಣಿನ ಮೇಲೆ ನಾಲಿಗೆ ಚಾಚಿ, ನೋಡನೋಡುತ್ತ ಕಪ್ಪಾಯಿತು. ಆರು ಸಲ ಕಾದರೂ ಕಾಣದ ನೋಟವದು. ಕಣ್ಣು ತುಂಬಿ ಬಂತು.

ಗೂಡು ಕಟ್ಟುವುದು, ಒಣಗಿಸುವುದು, ಬ್ಲೋವರ್ ಜೋಡಿಸುವುದು ನಿಮಗೆಲ್ಲ ಗೊತ್ತು, ಬಿಡುತ್ತೇನೆ. ಅಳತೆ ಹಿಂದಿನದೇ. ಈ ಸಲ ಬದಲಾದದ್ದು ಕಲ್ಲಿನ ಆಯ್ಕೆ.

ನನ್ನ ಅದಿರು ಬೀದರಿನ ಜಂಬಿಟ್ಟಿಗೆ, ಹೊಲದಲ್ಲಿ ಬಾವಿ ತೋಡಿದಾಗ ಬಂದ ರಾಶಿ. ಕಬ್ಬಿಣ ಹೆಚ್ಚಿರುವ ಸಂಡೂರಿನ ಹೆಮಟೈಟ್ ಅದಿರು ತರಿಸಿಕೋ ಎಂದು ಗೆಳೆಯರು ಹೇಳುತ್ತಲೇ ಇದ್ದರು. ನನಗೆ ನಮ್ಮ ನೆಲದ ಕಬ್ಬಿಣವೇ ಬೇಕಿತ್ತು. ಆದರೆ ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಜೊತೆ ಅಲ್ಯೂಮಿನಾ, ಅಂದರೆ ಜೇಡಿಯಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್, ಧಾರಾಳ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಗೆ. ನಮ್ಮ ಗೂಡಿಗೆ ಅಷ್ಟು ಕಾವು ಬೇಕಿಲ್ಲ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಕಸಿದುಕೊಂಡರೆ ಕಬ್ಬಿಣ ಕರಗದೆಯೇ ಮುದ್ದೆಗಟ್ಟುತ್ತದೆ. ಕರಗಬೇಕಾದದ್ದು ಕಿಟ್ಟ, ಅದೂ 1200 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಯೂಮಿನಾ ಮಿತಿ ಮೀರಿದರೆ ಕಿಟ್ಟ ಆ ಕಾವಿಗೆ ಜಗ್ಗುವುದಿಲ್ಲ. ಗಟ್ಟಿ ಅಂಬಲಿಯಂತೆ ಊದುಕೊಳವೆಯ ಬಾಯಿಗೆ ಮೆತ್ತಿಕೊಂಡು ಗಾಳಿಯನ್ನೇ ಕಟ್ಟುತ್ತದೆ.

ಐದನೇ ಸಲ ಗಾಳಿ ಜೋರು ಮಾಡಿ ನೋಡಿದೆ. ಕಬ್ಬಿಣ ಇಂಗಾಲ ಕುಡಿದು ಪೆಡಸಾದ ಬೀಡುಕಬ್ಬಿಣವಾಯಿತು; ಸುತ್ತಿಗೆಯ ಮೊದಲ ಏಟಿಗೇ ಚೂರುಚೂರು. ಆರನೇ ಸಲ ಇದ್ದಿಲು ಕೈಕೊಟ್ಟಿತು. ತೂಕಕ್ಕೆಂದು ನೀರು ಚಿಮುಕಿಸಿದ ಜಾಲಿ ಇದ್ದಿಲು, ಮೂರು ಚೀಲ! ಮಾರಿದವನನ್ನು ಕೇಳಿದರೆ ಮಳೆಗೆ ನೆನೆದಿದೆ ಎಂದ. ಆ ಹದಿನೈದು ದಿನ ಊರಿನಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಇನ್ನು ಮೇಲೆ ಇದ್ದಿಲು ನಾನೇ ಸುಟ್ಟುಕೊಳ್ಳುತ್ತೇನೆ.

ದಾರಿ ತೋರಿಸಿದ್ದು ಪಕ್ಕದ ಓಣಿಯ ಕಮ್ಮಾರ ಕಾಕಾ. ಒಂದು ಕಲ್ಲನ್ನು ಅಡಿಗಲ್ಲಿನ ಮೇಲಿಟ್ಟು ಒಡೆದರು. ಒಳಗೆ ಕಡುಗಂದು ಬಣ್ಣದ, ಹೊಳಪಿನ ಎಳೆ. ಅದರ ಸಂದುಗಳಲ್ಲಿ ಹಳದಿ ಬಿಳುಪಿನ ಜೇಡಿ. “ತಮ್ಮಾ, ಇದರಲ್ಲಿ ಕಬ್ಬಿಣವೂ ಇದೆ, ಮಣ್ಣೂ ಇದೆ. ಎರಡನ್ನೂ ಒಟ್ಟಿಗೆ ಉಣಿಸಿದರೆ ಕುಲುಮೆಗೆ ಅರಗುವುದಿಲ್ಲ” ಎಂದರು.

ಇಪ್ಪತ್ತು ಕಿಲೋ ಕಲ್ಲನ್ನು ಇದ್ದಿಲ ಪುಡಿಯೊಡನೆ ಮುಚ್ಚಿ ಹುರಿದೆ. ಕೆಂಪು ಕಲ್ಲು ಕಪ್ಪಾಯಿತು, ಅಂದರೆ ಮ್ಯಾಗ್ನೆಟೈಟ್ ಆಗಿ ಅಯಸ್ಕಾಂತಕ್ಕೆ ಅಂಟುವಂತಾಯಿತು. ತೊಗರಿ ಕಾಳಿನಷ್ಟು ಸಣ್ಣಗೆ ಕುಟ್ಟಿ, ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಆಡಿಸಿದೆ. ಕಪ್ಪು ಕಾಳುಗಳು ಮುಳ್ಳುಹಂದಿಯ ಹಾಗೆ ನಿಮಿರಿ ಅಂಟಿಕೊಂಡವು, ಜೇಡಿ ಕೆಳಗೇ ಉಳಿಯಿತು. ಹನ್ನೊಂದು ಕಿಲೋ ಸಿಕ್ಕಿತು. ಕಿಟ್ಟ ತೆಳುವಾಗಲೆಂದು ಅರ್ಧ ಕಿಲೋ ಜರಡಿ ಹಿಡಿದ ಬಿಳಿ ಮರಳು ಬೆರೆಸಿದೆ. ಕುಲುಮೆಯಿಂದ ಹೊರಬಂದ ಕಬ್ಬಿಣದ ಮುದ್ದೆಯ ತೂಕ ಎರಡು ಕಿಲೋ ಮುನ್ನೂರು ಗ್ರಾಂ. ಕಾಕಾ ಮರದ ಕೊರಡಿನ ಮೇಲಿಟ್ಟು ಮೆಲ್ಲಗೆ ಬಡಿದು ಬಿಗಿ ಮಾಡಿದ ಮೇಲೆ ಒಂದೂವರೆ ಕಿಲೋ ಉಳಿಯಿತು. ಒಂದು ಬಿರುಕೂ ಇಲ್ಲ.

ಇದರಲ್ಲಿ ಕುಡುಗೋಲು ಮಾಡಬೇಕೆಂದಿದ್ದೆ. ಈಗ ಮನಸ್ಸು ಮೂಸೆಯ ಉಕ್ಕಿನ, ಅಂದರೆ ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ಕಬ್ಬಿಣಕ್ಕೆ ಇಂಗಾಲ ಉಣಿಸಿ ಮಾಡುವ ಉಕ್ಕಿನ, ಕಡೆ ಓಡಿದೆ. 1795ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ‘ವೂಟ್ಜ್’ ಎಂಬ ಭಾರತದ ಈ ಉಕ್ಕಿನ ಬಗ್ಗೆ ಪ್ರಬಂಧ ಬರೆದ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋದದ್ದು ಎನ್ನುತ್ತಾರೆ. ಮೆದು ಕಬ್ಬಿಣದ ತುಂಡು, ಒಣ ತಂಗಡಿ (ಆವರಿಕೆ) ಕಟ್ಟಿಗೆ, ಮೇಲೆ ಎಕ್ಕದ ಎಲೆ ಇಟ್ಟು ಮೂಸೆಯ ಬಾಯಿ ಮೆತ್ತುವುದು ಹಳೆಯ ಕ್ರಮ. ಕಟ್ಟಿಗೆ, ಎಲೆಗಳ ಇಂಗಾಲ ಹೀರಿಕೊಂಡಂತೆ ಕಬ್ಬಿಣದ ಕರಗುವ ಬಿಂದು ಇಳಿಯುತ್ತದೆ. ತಂಗಡಿ, ಎಕ್ಕ ಎರಡೂ ನಮ್ಮ ಹೊಲದ ಬದುವಿನಲ್ಲೇ ಇವೆ.

ಭತ್ತದ ಹೊಟ್ಟು ಕಲಸಿದ ಜೇಡಿಯ ಎರಡು ಮೂಸೆಗಳು ಮಾಳಿಗೆಯ ನೆರಳಿನಲ್ಲಿ ಒಣಗುತ್ತಿವೆ. ಮೂರು ಪಾಲು ಜೇಡಿಗೆ ಒಂದು ಪಾಲು ಹೊಟ್ಟು ಹಾಕಿದ್ದೇನೆ. ಮೂಸೆ ಮಾಡಿದವರಿದ್ದರೆ, ಸುಡುವ ಮೊದಲು ಎಷ್ಟು ದಿನ ಒಣಗಲು ಬಿಟ್ಟಿರಿ ತಿಳಿಸಿ.