ಎರಡು ನಳಿಗೆ, ಒಂದು ಕಳೆಯುವ ಲೆಕ್ಕ

ಬಾಗಲಕೋಟೆಯಿಂದ ಬೆಳಗಾವಿಗೆ ಹೋಗುವಾಗ ಜನ ಊರು ಎಣಿಸುತ್ತಾರೆ, ನಾನು ಶೌಚಾಲಯ ಎಣಿಸುತ್ತೇನೆ. ಲೋಕಾಪುರ ಆಯಿತು, ಯರಗಟ್ಟಿ ಆಯಿತು, ಮುಂದೆ ದೇವರೇ ಗತಿ. ಮೂರು ವರ್ಷದಿಂದ ಇದೇ ಪಾಡು. ಬಂತು ಅಂದರೆ ತಡೆಯಲು ಆಗುವುದಿಲ್ಲ, ಸೀರೆ ಒದ್ದೆ. ಮೂತ್ರ ಪರೀಕ್ಷೆಯಲ್ಲಿ ಸೋಂಕಿಲ್ಲ. "ವಯಸ್ಸಾತು, ಮನಸ್ಸಿಗೆ ಹಚ್ಚಿಕೋಬ್ಯಾಡ" ಅಂದರು ಅತ್ತೆ. ನನಗಿನ್ನೂ ನಲವತ್ತಾರು!

ಕೊನೆಗೆ ಬೆಳಗಾವಿಯ ಡಾಕ್ಟರ್ ಮೇಡಂ ಯುರೋಡೈನಮಿಕ್ಸ್ ಪರೀಕ್ಷೆ, ಅಂದರೆ ಮೂತ್ರಕೋಶ ತುಂಬುವಾಗ ಒಳಗಿನ ಒತ್ತಡ ಅಳೆದು ನೋಡುವ ಪರೀಕ್ಷೆ, ಬರೆದುಕೊಟ್ಟರು. ಅದಕ್ಕೂ ಮೊದಲು ಮೂರು ದಿನ ಕುಡಿದದ್ದು, ಹೋದದ್ದು ಎಲ್ಲ ಅಳೆದು ಬರೆಯಬೇಕಿತ್ತು. ಅಡುಗೆಮನೆಯ ಒಂದು ಅಳತೆ ಲೋಟ ಬಚ್ಚಲಿಗೆ ಹೋದದ್ದು ವಾಪಸ್ ಬರಲಿಲ್ಲ.

ಆ ದಿನ ತೆಳ್ಳನೆಯ ನಳಿಗೆ ಒಂದನ್ನು ಮೂತ್ರಕೋಶಕ್ಕೆ, ಇನ್ನೊಂದನ್ನು ಹಿಂದೆ, ಗುದದೊಳಗೆ ಹಾಕಿದರು. ನೋವು ಕಡಿಮೆ, ನಾಚಿಕೆ ಜಾಸ್ತಿ. ಎರಡನೆಯದು ಯಾಕೆ ಅಂತ ಕೇಳಿಯೇ ಬಿಟ್ಟೆ. ಕೆಮ್ಮಿದರೆ, ಮುಕ್ಕರಿದರೆ ಹೊಟ್ಟೆಯ ಒತ್ತಡವೂ ಮೂತ್ರಕೋಶದ ಮೇಲೆ ಬೀಳುತ್ತದಂತೆ. ಒಳಗಿನ ಒಟ್ಟು ಒತ್ತಡದಲ್ಲಿ ಅದನ್ನು ಕಳೆದರೆ ಉಳಿಯುವುದು ಮೂತ್ರಕೋಶದ ಸ್ನಾಯುವಿನದ್ದು. ಅದರ ಹೆಸರು ಡಿಟ್ರೂಸರ್. ಲೆಕ್ಕದ ಟೀಚರ್ ಆದ ನನಗೆ ಇದು ಹಿಡಿಸಿತು.

ಸಲೈನ್ ನಿಧಾನವಾಗಿ ಒಳಗೆ ಹೋಗುತ್ತಿತ್ತು. ಮೊದಲು ಅನಿಸಿದಾಗ ಹೇಳಬೇಕು, ಜೋರಾದಾಗ ಹೇಳಬೇಕು, ನಡುನಡುವೆ ಕೆಮ್ಮಬೇಕು. ಕೆಮ್ಮಿದಾಗ ಗ್ರಾಫಿನಲ್ಲಿ ಎರಡೂ ನಳಿಗೆಯ ಒತ್ತಡದ ಗೆರೆಗಳು ಒಟ್ಟಿಗೆ ಏಳುತ್ತಿದ್ದವು, ಕಳೆದು ಉಳಿದ ಡಿಟ್ರೂಸರ್ ಗೆರೆ ಮಾತ್ರ ಸುಮ್ನೆ ಮಲಗಿತ್ತು. ಇನ್ನೂರು ಎಂಎಲ್ ಕೂಡ ಆಗಿರಲಿಲ್ಲ, ಸಿಸ್ಟರ್ ಮೂಲೆಯ ನಲ್ಲಿ ತಿರುಗಿಸಿದರು. ನೀರಿನ ಸಪ್ಪಳ ಕೇಳಿದ್ದೇ ತಡ, ನಾನು ಕೆಮ್ಮಿರಲಿಲ್ಲ, ಮುಕ್ಕರಿರಲಿಲ್ಲ, ಬಿಗಿಹಿಡಿದು ಕೂತಿದ್ದೆ, ಆದರೂ ಆ ಗೆರೆ ಗುಡ್ಡದ ಹಾಗೆ ಎದ್ದಿತು. ಸೋರಿಯೂ ಬಿಟ್ಟಿತು. ಮೂರು ವರ್ಷ ಮನೆಯವರಿಂದಲೂ ಮುಚ್ಚಿಟ್ಟದ್ದು ಅಪರಿಚಿತರ ಮುಂದೆ! ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಬೆನ್ನು ಸವರಿ, "ಅಳಬ್ಯಾಡ್ರಿ ಅಕ್ಕಾರ, ನಾವು ಇದಕ್ಕs ಕಾಯಾಕತ್ತಿದ್ವಿ" ಅಂದರು.

ತುಂಬುವ ಹೊತ್ತಿನಲ್ಲಿ ಸ್ನಾಯು ಸಡಿಲವಾಗಿರಬೇಕು, ನನ್ನದು ತಾನಾಗಿ ಹಿಂಡಿಕೊಳ್ಳುತ್ತಿದೆ, ಇದಕ್ಕೆ ಡಿಟ್ರೂಸರ್ ಓವರ್‌ಆಕ್ಟಿವಿಟಿ ಅಂತಾರೆ ಎಂದರು ಮೇಡಂ. ಮೂತ್ರಕ್ಕೆ ಹೀಗೆ ಅವಸರ ಆಗುವ ಎಲ್ಲರಲ್ಲೂ ಈ ಗುಡ್ಡ ಕಾಣುವುದಿಲ್ಲವಂತೆ. ಕಾಣದಿದ್ದರೆ ತೊಂದರೆ ಸುಳ್ಳು ಅಂತಲೂ ಅಲ್ಲ. ಚಹಾ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪ ಹೊತ್ತು ತಡೆದು ರೂಢಿ ಮಾಡಿಕೊಳ್ಳಿ ಅಂತ ಹೇಳಿ ಗುಳಿಗೆ ಬರೆದರು.

ಅವತ್ತೆಲ್ಲ ಉರಿ ಇತ್ತು. ಗ್ರಾಫಿನ ಹಾಳೆಯನ್ನು ಮನೆಯಲ್ಲಿ ಅತ್ತೆಯ ಮುಂದೆ ಹರವಿದೆ. ಗುಡ್ಡದ ಮೇಲೆ ಬೆರಳಿಟ್ಟು ತುಸು ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ನನಗೂ ಹಿಂಗs ಆಗ್ತದವಾ" ಅಂದರು.