ಈಜುಕೊಳ ಆಮೇಲೆ ಕೇಳಿ, ಮೊದಲು ಡಿಜೆ ಕೇಳಿ: ಜೈಸಲ್ಮೇರಿನಲ್ಲಿ ನಾಲ್ವರು ಗೆಳತಿಯರು

ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ನಾಲ್ವರು ನಾವು. ಎಲ್ಲಿಗಾದರೂ ಹೋಗೋಣ ಅಂತ ಮಾತಾಡಿಕೊಳ್ಳಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಮಕ್ಕಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ಯಾರದೋ ಗೃಹಪ್ರವೇಶ ಅಂತ ಪ್ರತಿ ಸಲ ಏನೋ ಒಂದು ಅಡ್ಡ ಬರುತ್ತಿತ್ತು. ಕೊನೆಗೆ ಡಿಸೆಂಬರ್ ಎರಡನೇ ವಾರ ಗಂಡಂದಿರನ್ನು ಮನೆಯಲ್ಲಿ ಬಿಟ್ಟು ರಾಜಸ್ಥಾನದ ಜೈಸಲ್ಮೇರಿಗೆ ಹೊರಟೇಬಿಟ್ಟೆವು. ಷರತ್ತು ಎರಡೇ: ಬೆಳಗಿನ ನಾಲ್ಕಕ್ಕೆ ಯಾರೂ ಯಾರನ್ನೂ ಎಬ್ಬಿಸಬಾರದು, ದುಡ್ಡಿನ ವಿಷಯದಲ್ಲಿ ಈ ಒಂದು ಸಲ ಜಿಪುಣತನ ಮಾಡಬಾರದು.

ಎರಡನೆಯದನ್ನು ನಾವೇ ಮುರಿದೆವು. ಅದಕ್ಕೆ ಸರಿಯಾದ ಶಿಕ್ಷೆಯೂ ಆಯಿತು.

ಜೈಸಲ್ಮೇರ್ ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಎಂಬಲ್ಲಿ ಮರಳಿನ ದಿಬ್ಬಗಳಿವೆ. ರಸ್ತೆಯ ಎರಡೂ ಬದಿಗೆ ಟೆಂಟ್ ಕ್ಯಾಂಪುಗಳ ಸಾಲು. ಫೋಟೋದಲ್ಲಿ ಎಲ್ಲವೂ ಒಂದೇ ಥರ: ಬಿಳಿ ಟೆಂಟು, ಒಳಗೆ ಮಂಚ, ಹೊರಗೆ ಬೆಂಕಿ, ಹಿಂದೆ ಮರಳು. ಟೆಂಟಿಗೆ ಒಂಬತ್ತು ಸಾವಿರ, ಊಟ ಸೇರಿ. "ಲಕ್ಸುರಿ ಅಂತ ಬರದಾರಲ್ಲ, ಸಾಕು" ಅಂದಳು ನಮ್ಮ ಬ್ಯಾಂಕಿನವಳು. ರಾತ್ರಿ ಏಳೂವರೆಗೆ ಜಾನಪದ ನೃತ್ಯ ಶುರುವಾಯಿತು, ಚೆನ್ನಾಗಿಯೇ ಇತ್ತು. ಒಂಬತ್ತಕ್ಕೆ ನಮ್ಮ ಕ್ಯಾಂಪಿನ ಡಿಜೆ ಎದ್ದ. ಪಕ್ಕದ ಕ್ಯಾಂಪಿನವನು ಅವನಿಗಿಂತ ಜೋರು. ಅದರಾಚೆ ಇನ್ನೊಬ್ಬ. ಮೂರು ಹಾಡು ಒಟ್ಟಿಗೆ ಎದೆಗೆ ಗುದ್ದುತ್ತಿದ್ದವು. ಟೆಂಟಿನ ಬಟ್ಟೆ ಗೋಡೆ ಸದ್ದನ್ನು ತಡೆಯುವುದಿಲ್ಲ ಎಂಬುದು ಹೊಳೆಯಲು ಡಾಕ್ಟರಾಗಬೇಕಿಲ್ಲ, ಆದರೂ ನಮ್ಮ ಡಾಕ್ಟರು ಅದನ್ನು ರಾತ್ರಿ ಒಂದರವರೆಗೆ ಹತ್ತು ಸಲ ಹೇಳಿದಳು. ಡಿಜೆ ನಿಂತ ಮೇಲೆ ಜನರೇಟರ್ ಕೇಳಿಸತೊಡಗಿತು.

ಹಾಗಾಗಿ ನನ್ನ ಮೊದಲ ಸಲಹೆ ಇದು. ಮರುಭೂಮಿಯಲ್ಲಿ ನೀವು ದುಡ್ಡು ಕೊಡುವುದು ಮೆತ್ತನೆ ಹಾಸಿಗೆಗಲ್ಲ, ಪಕ್ಕದವರಿಂದ ಎಷ್ಟು ದೂರ ಇದ್ದೀರಿ ಎಂಬುದಕ್ಕೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಡಿಜೆ ಇದೆಯಾ, ಎಷ್ಟು ಗಂಟೆಯವರೆಗೆ? ಪಕ್ಕದ ಕ್ಯಾಂಪು ಎಷ್ಟು ದೂರ? ಜನರೇಟರ್ ಎಲ್ಲಿಟ್ಟಿದ್ದೀರಿ? ಮೂರಕ್ಕೂ ನೆಟ್ಟಗೆ ಉತ್ತರ ಬಾರದಿದ್ದರೆ ಈಜುಕೊಳದ ಬಗ್ಗೆ ಕೇಳುವುದೇ ಬೇಡ. ಮರಳನ್ನೇ ನೋಡಬೇಕು, ಗದ್ದಲ ಬೇಡ ಅನ್ನುವವರು ನೈಋತ್ಯದ ಖುರಿ ಹಳ್ಳಿಯ ಕಡೆ ಹುಡುಕಿ. ಅದೂ ಊರಿನಿಂದ ಹೆಚ್ಚುಕಡಿಮೆ ಅಷ್ಟೇ ದೂರ, ಸಮ್‌ನಷ್ಟು ಜಾತ್ರೆ ಇಲ್ಲ.

ಹೋಗುವ ದಾರಿ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಜೈಸಲ್ಮೇರಿಗೂ ವಿಮಾನ ಹೋಗುತ್ತದೆ, ಆದರೆ ಹೆಚ್ಚಾಗಿ ಚಳಿಗಾಲದಲ್ಲಿ, ಅದೂ ವರ್ಷವರ್ಷ ಬದಲಾಗುವ ವೇಳಾಪಟ್ಟಿ. ನಾವು ಜೋಧಪುರಕ್ಕೆ ಹಾರಿ, ಅಲ್ಲಿ ಒಂದು ರಾತ್ರಿ ಇದ್ದು, ಡ್ರೈವರ್ ಸಮೇತ ಕಾರು ಮಾಡಿಕೊಂಡೆವು. ಪೋಖ್ರಣ್ ಮೇಲೆ ಐದು ಗಂಟೆ ದಾರಿ, ರಸ್ತೆ ನುಣ್ಣಗಿದೆ. ಸಮಯ ಇದ್ದವರಿಗೆ ಬೆಂಗಳೂರು–ಜೋಧಪುರ ರೈಲಿದೆ, ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ. ಐವತ್ತು ದಾಟಿದ ಬೆನ್ನಿಗೆ ಅದು ಆಗುವ ಮಾತಲ್ಲ ಅಂತ ನಾವು ಕೈಬಿಟ್ಟೆವು.

ಡಿಜೆ ರಾತ್ರಿಯ ಮರುದಿನ ಸಮ್ ರಸ್ತೆಯಲ್ಲೇ ಊರಿನ ಕಡೆಗೆ ವಾಪಸ್ ಬಂದು ಒಳ್ಳೆಯ ರೆಸಾರ್ಟ್ ಸೇರಿದೆವು, ಎರಡು ರಾತ್ರಿಗೆ. ಹೊಳಪಿನ ಕಡೆ ಹೋಗಬೇಕೆನ್ನುವವರಿಗೆ ಇಲ್ಲಿ ಆಯ್ಕೆಗೆ ಬರವಿಲ್ಲ. ಹಳದಿ ಕಲ್ಲಿನಲ್ಲಿ ಕೋಟೆಯ ಹಾಗೆಯೇ ಕಟ್ಟಿದ ಸೂರ್ಯಗಢ ಇದೆ. ಜೋಧಪುರದಿಂದ ಬರುವಾಗ ಊರಿಗೆ ಮುಂಚೆಯೇ, ಚಾಂದನ್ ಹತ್ತಿರ, ಟೆಂಟುಗಳದ್ದೇ ಆದ ದಿ ಸೆರಾಯ್ ಇದೆ. ಊರಿಗೆ ಹತ್ತಿರ ಇರಬೇಕೆಂದರೆ ಮ್ಯಾರಿಯಟ್, ಫೋರ್ಟ್ ರಜವಾಡಾ. ಚಳಿಗಾಲದಲ್ಲಿ ಇಂಥ ಕಡೆ ದರ ತಿಂಗಳಿಂದ ತಿಂಗಳಿಗೆ ಏರುತ್ತದೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೈಗೆ ಸಿಗುವುದಿಲ್ಲ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಎರಡು ವಾರ ನೋಡಿ.

ಇಲ್ಲೊಂದು ಗುಟ್ಟಿದೆ. ರೂಮು ಕಾಯ್ದಿರಿಸುವಾಗ "ಆ ದಿನಗಳಲ್ಲಿ ಮದುವೆ ಇದೆಯೇ?" ಎಂದು ಕೇಳಿ. ರಾಜಸ್ಥಾನದ ದೊಡ್ಡ ಹೋಟೆಲುಗಳು ಚಳಿಗಾಲದಲ್ಲಿ ಅರ್ಧ ಛತ್ರಗಳೇ. 2023ರ ಫೆಬ್ರವರಿಯಲ್ಲಿ ಸಿದ್ಧಾರ್ಥ್ ಮಲ್ಹೋತ್ರಾ ಮತ್ತು ಕಿಯಾರಾ ಅಡ್ವಾಣಿ ಮದುವೆ ಸೂರ್ಯಗಢದಲ್ಲಿ ನಡೆದದ್ದು ನೆನಪಿರಬಹುದು. ಇಡೀ ಹೋಟೆಲ್ ಹಿಡಿದರೆ ನಿಮಗೆ ರೂಮೇ ಸಿಗುವುದಿಲ್ಲ, ಅದು ಪರವಾಗಿಲ್ಲ. ಅರ್ಧ ಹಿಡಿದರೆ ಕಷ್ಟ: ಸ್ಪಾ ಅವರದು, ಅಂಗಳ ಅವರದು, ರಾತ್ರಿಯ ಬ್ಯಾಂಡೂ ಅವರದು. ಇನ್ನೊಂದು, ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18% ಜಿಎಸ್‌ಟಿ ಬೀಳುತ್ತದೆ. ವೆಬ್‌ಸೈಟಿನ ಮೊದಲ ಪುಟದಲ್ಲಿ ಕಾಣುವ ದರಕ್ಕೆ ಅದನ್ನು ನೀವೇ ಕೂಡಿಸಿಕೊಳ್ಳಿ. ನಮ್ಮ ಬ್ಯಾಂಕಿನವಳೇ ಇದನ್ನು ಮರೆತು ಚೆಕ್‌ಔಟ್ ದಿನ ಬಿಲ್ ಹಿಡಿದು ಸುಮ್ಮನೆ ನಿಂತಿದ್ದಳು. ನಾವು ನಕ್ಕಿದ್ದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಸ್ಪಾ ವಿಷಯಕ್ಕೆ ಬರುತ್ತೇನೆ, ಹೊರಟದ್ದೇ ಅದಕ್ಕಲ್ಲವೇ. ಬಂದ ದಿನವೇ ಸಂಜೆ ಅಂತ ಬರೆಸಬೇಡಿ. ಸಂಜೆ ಹೊರಗೆ ಕೂರುವ ಹೊತ್ತು, ಆಕಾಶ ನೋಡುವ ಹೊತ್ತು. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಡಿಸೆಂಬರಿನಲ್ಲೂ ಬಿಸಿಲು ಚುರುಗುಟ್ಟುತ್ತದೆ, ಆಗ ಒಳಗಿರುವುದೇ ಜಾಣತನ. ನಾಲ್ವರಿಗೂ ಒಟ್ಟಿಗೆ ಬೇಕೆಂದರೆ ಅಷ್ಟು ಕೈ ಇರುವುದಿಲ್ಲ, ರೂಮಿನ ಜೊತೆಗೇ ಸ್ಪಾ ಹೊತ್ತನ್ನೂ ಗೊತ್ತು ಮಾಡಿಕೊಳ್ಳಿ. ನಮಗೆ ಇಬ್ಬಿಬ್ಬರಾಗಿ ಸಿಕ್ಕಿತು. ಪಟ್ಟಿಯಲ್ಲಿ ಬಾಯಿಗೆ ಬಾರದ ಹೆಸರಿನ ಹತ್ತಾರು ಬಗೆ ಇದ್ದವು. ಒಣಹವೆಗೆ ಎಣ್ಣೆ ಹಚ್ಚಿ ತಿಕ್ಕುವ ಸಾದಾ ಅಭ್ಯಂಗವೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮುಖಕ್ಕೆ ಚಿನ್ನದ ಲೇಪ ಹಾಕಿಸಿಕೊಂಡವಳಿಗೆ ಆದ ಲಾಭ, ಅದನ್ನು ಹೇಳಿಕೊಳ್ಳುವ ಅವಕಾಶ ಒಂದೇ.

ಆದರೆ ಒಂದನ್ನು ಹೇಳಲೇಬೇಕು. ಶುರುವಿಗೆ ಆ ಹುಡುಗಿ ಹಿತ್ತಾಳೆಯ ಬೋಗುಣಿಯಲ್ಲಿ ಬೆಚ್ಚನೆ ನೀರು ತಂದು ನನ್ನ ಕಾಲು ತೊಳೆದಳು. ಕಾಲು ಮೇಲೆತ್ತಿದಾಗ ಬೋಗುಣಿಯ ತಳದಲ್ಲಿ ಸಮ್‌ನ ಮರಳು, ಉಂಗುರದ ಹಾಗೆ ಕೂತಿತ್ತು. ಬೆಳಗ್ಗೆ ಎರಡು ಸಲ ಸ್ನಾನ ಮಾಡಿ ಬಂದಿದ್ದೆ. ಅವಳು ನೋಡಿ ನಕ್ಕು, "ಇನ್ನೂ ಇದೆ ಮೇಡಂ" ಅಂತ ಹಿಂದಿಯಲ್ಲಿ ಹೇಳಿ ಎರಡನೇ ನೀರು ತಂದಳು.

ಊಟದ್ದೇ ದೊಡ್ಡ ಕಥೆ. ಊರೊಳಗೆ ನಾಚನಾ ಹವೇಲಿಯ ಮಾಳಿಗೆ ಮೇಲೆ ಸ್ಯಾಫ್ರನ್ ಅಂತ ರೆಸ್ಟೊರೆಂಟ್ ಇದೆ, ಕತ್ತಲಾದ ಮೇಲೆ ದೀಪ ಹಚ್ಚಿದ ಕೋಟೆ ಎದುರಿಗೇ ಕಾಣುತ್ತದೆ. ಗಾಂಧಿ ಚೌಕದ ಬಳಿಯ ಟ್ರಯೋ ಹಳೆಯ ಹೆಸರು. ಎಲ್ಲೇ ಹೋಗಿ, ಪನೀರ್ ಬೆಣ್ಣೆ ಮಸಾಲೆ ಕೇಳಬೇಡಿ, ಅದು ದಾವಣಗೆರೆಯಲ್ಲೂ ಸಿಗುತ್ತದೆ. ಕೇರ್ ಸಾಂಗ್ರಿ ಕೇಳಿ. ತಟ್ಟೆಗೆ ಬಂದದ್ದು ಕಂದು ಬಣ್ಣದ ಉದ್ದುದ್ದ ಕಾಯಿ, ಅದು ಸಾಂಗ್ರಿ; ನಡುವೆ ಮೆಣಸಿಗಿಂತ ದೊಡ್ಡ ಹುಳಿ ಕಾಯಿ, ಅದು ಕೇರ್. ಸಾಂಗ್ರಿ ಯಾವ ಗಿಡದ್ದು ಅಂತ ಬಡಿಸುವವನನ್ನು ಕೇಳಿದರೆ ಖೇಜಡಿ ಅಂದ, ಮೊಬೈಲಿನಲ್ಲಿ ಮರ ತೋರಿಸಿದ. ಬೆಳಗಾವಿಯವಳು ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲಿಸಿ, "ಯವ್ವಾ, ಇದು ನಮ್ಮ ಬನ್ನಿ ಗಿಡ ಐತಿ!" ಅಂದಳು. ಹೌದು, ಅದೇ. ದಸರೆಗೆ ಎಲೆ ಕೊಟ್ಟು "ಬಂಗಾರದಂಗ ಇರೂಣು" ಅನ್ನುತ್ತೇವಲ್ಲ, ಆ ಬನ್ನಿ. ನಾವು ಎಲೆಯನ್ನು ಬಂಗಾರ ಅಂತ ಹಂಚುತ್ತೇವೆ, ಅವರು ಕಾಯಿ ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ. ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮತ್ತು ಅವರ ಹಿಂದೆ ನೂರಾರು ಬಿಷ್ಣೋಯಿ ಸಮುದಾಯದವರು ಮರ ತಬ್ಬಿ ಪ್ರಾಣ ಕೊಟ್ಟರು. ಹಿಂದಿನ ದಿನ ಜೋಧಪುರದಿಂದ ಬರುವಾಗ ಡ್ರೈವರ್ ಅದನ್ನೇ ಹೇಳುತ್ತಿದ್ದ, ನಾವು ಹಿಂದಿನ ಸೀಟಿನಲ್ಲಿ ಹಾಸ್ಟೆಲ್ ವಾರ್ಡನ್ ಬಗ್ಗೆ ಮಾತಾಡುತ್ತಿದ್ದೆವು.

ಜೊತೆಗೆ ಬಾಜ್ರೆ ರೊಟ್ಟಿ ಬಂತು, ಅಂದರೆ ನಮ್ಮ ಸಜ್ಜಿ ರೊಟ್ಟಿ, ದಪ್ಪ, ಮೇಲೆ ತುಪ್ಪ. ಉತ್ತರ ಕರ್ನಾಟಕದವರಿಗೆ ಅಲ್ಲಿ ಹೊಟ್ಟೆ ಕೆಡುವ ಭಯ ಕಡಿಮೆ. ಮಾಂಸ ತಿನ್ನುವವರು ಲಾಲ್ ಮಾಸ್ ಅನ್ನುವ ಕೆಂಪು ಖಾರದ ಮಾಂಸದ ಸಾರು ಬಿಡಬೇಡಿ, ಆದರೆ ಅದಕ್ಕೆ ಹಾಕುವ ಮಥಾನಿಯಾ ಮೆಣಸಿನಕಾಯಿಯನ್ನು ಬಣ್ಣ ನೋಡಿ ಬ್ಯಾಡಗಿ ಅಂದುಕೊಳ್ಳಬೇಡಿ. ನಮ್ಮ ಡಾಕ್ಟರು ಅಂದುಕೊಂಡಿದ್ದಳು. ಎರಡು ಲೋಟ ಮಜ್ಜಿಗೆ ಆದ ಮೇಲೆ ಮಾತು ಬಂತು.

ಕೋಟೆ ನೋಡುವುದಕ್ಕೆ ಒಂದು ಬೆಳಗ್ಗೆ ಇಡಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, ಒಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2013ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಳಗೆ ಮುದ್ದಾದ ಹೋಟೆಲುಗಳಿವೆ, ಝರೋಕಾದಲ್ಲಿ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿಯಲ್ಲಿ, ಕೂತು ಚಹಾ ಕುಡಿಯುವ ಫೋಟೋ ಆಸೆ ಹುಟ್ಟಿಸುತ್ತದೆ. ಚಹಾ ಕುಡಿಯಿರಿ, ಉಳಿಯಬೇಡಿ ಅನ್ನುತ್ತೇನೆ. ಹಿಂದೆ ಹೆಂಗಸರು ಗಡೀಸರ್ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಮೇಲೇರುತ್ತಿದ್ದ ಕಾಲದಲ್ಲಿ ಕೋಟೆಯೊಳಗೆ ಚೆಲ್ಲುವಷ್ಟು ನೀರೇ ಇರಲಿಲ್ಲ. ನಲ್ಲಿ ಬಂತು, ಶವರ್ ಬಂತು, ಆ ನೀರು ಮೆತ್ತಗಿನ ಗುಡ್ಡದೊಳಗೆ ಇಂಗಿ ಗೋಡೆಗಳು ಸಡಿಲವಾದವು. 1996ರಲ್ಲೇ ಹಳೆಯ ಸ್ಮಾರಕಗಳನ್ನು ಕಾಪಾಡುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. ರೆಸಾರ್ಟಿನ ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂತವಳು ಇದನ್ನು ಹೇಳಿದರೆ ನಗು ಬರುತ್ತದೆ, ಗೊತ್ತು. ಆದರೂ ಟಬ್ ತುಂಬಿಸಿ ಮಲಗುವ ಮನಸ್ಸು ನನಗೆ ಆಗಲಿಲ್ಲ.

ಮರಳಿಗೆ ಎರಡನೇ ಸಲ ಹೋದದ್ದು ರೆಸಾರ್ಟಿನ ಜೀಪಿನಲ್ಲಿ, ಸಮ್ ಗದ್ದಲದಿಂದ ದೂರದ ಸಣ್ಣ ದಿಬ್ಬಕ್ಕೆ. ಒಂಟೆ ಹತ್ತುವವರಿಗೆ ಒಂದು ಮಾತು: ಅದು ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಏಳುವ ಮುಂಚೆಯೇ ಹಿಂದಕ್ಕೆ ವಾಲಿ ಕೂತಿರಿ. ಮಂಡಿ ನೋವಿದ್ದರೆ ಒಂಟೆ ಗಾಡಿ ಸಿಗುತ್ತದೆ, ನಾಚಿಕೆ ಬೇಡ, ನಮ್ಮಲ್ಲಿ ಇಬ್ಬರು ಅದರಲ್ಲೇ ಬಂದರು. ಡಿಸೆಂಬರಿನಲ್ಲಿ ಸೂರ್ಯ ಆರರೊಳಗೇ ಮುಳುಗುತ್ತಾನೆ, ಮುಳುಗಿದ ಕೂಡಲೇ ಚಳಿ ಮೈಗೆ ಅಂಟುತ್ತದೆ. ಶಾಲನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಅಲ್ಲಿ ಮಾಂಗಣಿಯಾರ್ ಹಾಡುಗಾರರು ಮೂವರು ಬಂದರು. ಮೈಕಿಲ್ಲ. ಒಬ್ಬರ ಕೈಯಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯ ಕಮಾಯಚಾ, ಇನ್ನೊಬ್ಬರದು ಖಡತಾಲ್, ನಮ್ಮ ದಾಸರ ಚಿಟಿಕೆಯ ದಾಯಾದಿ. ಚಿಕ್ಕ ಹುಡುಗ ಬಾಯಿಗೆ ಮೋರ್ಚಂಗ್ ಇಟ್ಟ, ಅದು ನಮ್ಮ ಮೋರ್ಸಿಂಗೇ. ಎರಡು ಮಾರು ದೂರದಲ್ಲಿ ಕೂತು ಕೇಳಿದ ಆ ಅರ್ಧ ಗಂಟೆಗೆ ನಾನು ಇಡೀ ಪ್ರವಾಸದ ಖರ್ಚನ್ನು ಬರೆದುಹಾಕಿದ್ದೇನೆ. ಅವರಿಗೆ ಕೊಡುವುದನ್ನು ಹೋಟೆಲ್ ಬಿಲ್ಲಿಗೆ ಸೇರಿಸದೆ ಕೈಗೇ ಕೊಡಿ, ನೂರು ಐನೂರರ ನೋಟು ಒಯ್ದಿರಿ.

ಪೆಟ್ಟಿಗೆಗೆ ಹಾಕಬೇಕಾದ್ದು: ಸ್ವೆಟರ್, ಕಾಲುಚೀಲ, ತುಟಿಗೆ ಮುಲಾಮು, ಒಂದು ಬಾಟಲಿ ಕೊಬ್ಬರಿ ಎಣ್ಣೆ. ಮೂಗಿನೊಳಗೆ ಒಂದು ಹನಿ ಹಚ್ಚಿ ಮಲಗಿ, ಒಣಹವೆಗೆ ಮೂಗು ಒಡೆದು ರಕ್ತ ಬರುವುದು ಕಡಿಮೆ. ಎತ್ತರದ ಹಿಮ್ಮಡಿಯ ಚಪ್ಪಲಿ ಮನೆಯಲ್ಲೇ ಇರಲಿ, ಕೋಟೆಯ ಹಾಸುಗಲ್ಲು ಸವೆದು ಗಾಜಿನಂತಾಗಿದೆ.

ಪೇಟೆಯಲ್ಲಿ ಒಣ ಸಾಂಗ್ರಿ ಕೊಳ್ಳುವವರು ಕಾಲು ಕಿಲೋ ತನ್ನಿ, ನೆನೆಸಿದರೆ ಹಿಗ್ಗುತ್ತದೆ. ಕೇರ್ ಕಾಯಿ ಹಾಗೆಯೇ ತಿಂದರೆ ಕಹಿ, ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಹಾಕಿ ತೊಳೆದು ಆಮೇಲೆ ಎರಡನ್ನೂ ಸೇರಿಸಿ ಬೇಯಿಸಬೇಕು. ಬೆಳಗಾವಿಯವಳು ಊರಿಗೆ ಹೋದ ವಾರವೇ ಮಾಡಿ, ಜೋಳದ ರೊಟ್ಟಿ ಜೊತೆ ಗಂಡನಿಗೆ ಬಡಿಸಿದಳಂತೆ. ಎರಡು ತುತ್ತು ತಿಂದು ಅವರು ಕೇಳಿದ್ದಿಷ್ಟೇ: "ಚವಳಿಕಾಯಿ ಯಾಕ ಇಷ್ಟ ಬಲಿತಾವ?"