ಡೀಸೆಲ್ ಎಳೆಯೋದು ಬೇರೆ, ತಳ್ಳೋದು ಬೇರೆ

ನಮ್ಮ ಸ್ಟೋರ್‌ನಲ್ಲಿ ಲಾರಿ ಟ್ಯಾಂಕಿನಿಂದ ಇಂಜಿನ್ ಕಡೆಗೆ ಡೀಸೆಲ್ ಕಳಿಸುವ ಎಲೆಕ್ಟ್ರಿಕ್ ಲಿಫ್ಟ್ ಪಂಪ್‌ಗಳು ಬಾಕ್ಸ್ ಕೂಡ ಒಡೆಯದೆ ಬಿದ್ದಿವೆ. ಆಡಿಟ್‌ನವರು ಬಂದಾಗಲೆಲ್ಲ "ಇದನ್ಯಾಕೆ ಬಳಸಿಲ್ಲ?" ಅಂತ ನನ್ನನ್ನೇ ಕೇಳುತ್ತಾರೆ. ತರಿಸಿದ್ದು ಸಾಹುಕಾರರು. ಆದರೆ ಇಂಡೆಂಟ್‌ಗೆ ಸಹಿ ಹಾಕಿದ್ದು ನಾನು ಅಲ್ವಾ, ಉತ್ತರ ಕೊಡೋದೂ ನಾನೇ.

ಇದೆಲ್ಲ ಶುರುವಾಗಿದ್ದು ಮಂಗಳೂರು ಪೋರ್ಟ್‌ನಿಂದ ಗೊಬ್ಬರ ತರುವ ಒಂದು ಬಿಎಸ್4 (ಹೊಗೆ ನಿಯಮದ ಒಂದು ದರ್ಜೆ) ಲಾರಿಯಿಂದ. ಡ್ರೈವರ್ ದೂರು ಒಂದೇ: "ಸಾರ್, ಖಾಲಿ ಗಾಡಿ ಚೆನ್ನಾಗೇ ಓಡುತ್ತೆ. ಲೋಡ್ ಇದ್ರೆ ಏರಿನಲ್ಲಿ ಪಿಕಪ್ಪೇ ಇಲ್ಲ." ನಾಝಲ್‌ಗಳನ್ನು ಬೆಂಚ್ ಮೇಲೆ ಚೆಕ್ ಮಾಡಿಸಿದೆವು, ಸರಿ ಇದ್ದವು. ಸ್ಕ್ಯಾನರ್ ಹಾಕಿದರೆ ರೈಲ್ ಪ್ರೆಶರ್ (ಎಲ್ಲ ನಾಝಲ್‌ಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಅನ್ನೋ ಪೈಪಿನ ಒತ್ತಡ) ಕಮ್ಮಿ ಅಂತ ಕೋಡ್. ಅಂದರೆ ಇಂಜಿನ್ ಮೇಲಿನ ಪಂಪ್‌ಗೆ ಡೀಸೆಲ್ ಸಾಲುತ್ತಿಲ್ಲ, ಸಾಲದಿದ್ದರೆ ಇನ್ನೊಂದು ಪಂಪ್ ಹಾಕೋಣ. ನನ್ನ ಲೆಕ್ಕ ಇಷ್ಟೇ. ಯಾಕೆ ಸಾಲುತ್ತಿಲ್ಲ ಅಂತ ಯಾರೂ ಕೇಳಲಿಲ್ಲ, ಸಾಹುಕಾರರಿಗಂತೂ ಆ ಪಂಪ್‌ನ ವಿಡಿಯೊ ನೋಡಿ ಆಗಲೇ ಮನಸ್ಸು ಬಂದುಬಿಟ್ಟಿತ್ತು.

ಕಿಟ್ ಜೊತೆ 2 ಮೈಕ್ರಾನ್ ಫಿಲ್ಟರ್ ಬಂದಿತ್ತು, ತುಂಬಾ ಸಣ್ಣ ಕಣ್ಣಿನದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಪಂಪನ್ನು ಚಾಸಿಗೆ ಕಟ್ಟಿದೆವು, ಫಿಲ್ಟರನ್ನು ಟ್ಯಾಂಕಿಗೂ ಪಂಪಿಗೂ ನಡುವೆ ಕೂರಿಸಿದೆವು. ಅಲ್ಲೇ ಯಾಕೆ ಅಂದರೆ ಬ್ರಾಕೆಟ್ ಅಲ್ಲಿ ಚೆನ್ನಾಗಿ ಕೂತಿತು. ಪಂಪ್‌ಗೂ ಕಸ ಹೋಗಲ್ಲ ಅಂತ ನಾನೇ ವಿವರಣೆ ಕೊಟ್ಟೆ. ಯಾರ್ಡ್‌ನಲ್ಲಿ ಖಾಲಿ ಓಡಿಸಿ ನೋಡಿದಾಗ ಗಾಡಿ ಬಾಣದಂತೆ ಹೋಯಿತು. ಎಲ್ಲರೂ ಖುಷಿ.

ಮುಂದಿನ ಲೋಡ್‌ಗೆ ನಾನೂ ಕ್ಯಾಬಿನ್‌ನಲ್ಲಿ ಕೂತೆ. ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತು. ಮಳೆ ಜೋರು. ಮೊದಲ ತಿರುವುಗಳಲ್ಲಿ ಸರಿಯಾಗೇ ಎಳೆಯಿತು. ಆಮೇಲೆ ಆರ್‌ಪಿಎಂ ಬಿದ್ದಿತು, ಡ್ರೈವರ್ ಗೇರ್ ಇಳಿಸಿದರು, ಮತ್ತೆ ಬಿದ್ದಿತು, ಇನ್ನೊಂದು ಗೇರ್ ಇಳಿಸುವಷ್ಟರಲ್ಲಿ ಇಂಜಿನ್ ಆಫ್. ಕ್ಲೀನರ್ ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಬಸ್ಸು, ಟ್ಯಾಂಕರ್‌ಗಳ ಸಾಲು, ಒಂದೇ ಸಮ ಹಾರನ್.

ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ ಅಂತ, ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್ ಒತ್ತಲು ಕೂತೆ. ಒತ್ತಿದೆ, ಒತ್ತಿದೆ, ಗಟ್ಟಿಯೇ ಆಗಲಿಲ್ಲ. ಕೀ ಆನ್ ಮಾಡಿಸಿದರೆ ಹೊಸ ಪಂಪ್ ಎಂದಿನ ಸದ್ದು ಬಿಟ್ಟು ಕೀಚಲಾಗಿ ಕೂಗುತ್ತಿತ್ತು. ಪಂಪ್ ಮುಂದಿನ ಬ್ಯಾಂಜೊ ಬೋಲ್ಟ್ (ಪೈಪ್ ಸೇರಿಸುವ ಟೊಳ್ಳು ಬೋಲ್ಟ್) ಸ್ವಲ್ಪ ಸಡಿಲಿಸಿದೆ. ಡೀಸೆಲ್ ಬರಲಿಲ್ಲ, ಬರೀ ನೊರೆ ಬಂತು. ಬೆರಳಿನ ಮೇಲೆ ಬಿಳಿ ನೊರೆ, ಅದು ಒಡೆದರೆ ಒಂದೆರಡು ಹನಿ ಡೀಸೆಲ್.

"ಸಾರ್, ಆ ಹೊಸ ಫಿಲ್ಟರ್ ಬಿಚ್ಚಿ ನೋಡಿ" ಅಂದರು ಡ್ರೈವರ್. "ಹೊಸಾದು ಅಣ್ಣ, ಇಷ್ಟು ಬೇಗ ಚೋಕ್ ಆಗುತ್ತಾ?" ಅಂತ ಗದರಿ ಇನ್ನಷ್ಟು ಹೊತ್ತು ಪ್ರೈಮರ್ ಒತ್ತಿದೆ. ಆ ಹೊತ್ತಿನಲ್ಲಿ ಹಿಂದಿನ ಜನ ನಮ್ಮ ವಂಶದ ಬಗ್ಗೆ ಏನೇನು ಅಂದರೋ ಬರೆಯುವಂಥದ್ದಲ್ಲ. ಕೊನೆಗೆ ಬಿಚ್ಚಿದೆ. ಒಳಗಿನ ಪೇಪರ್ ಮೇಲೆ ಕಪ್ಪು ಲೋಳೆ. ಫಿಲ್ಟರ್ ಪಕ್ಕಕ್ಕಿಟ್ಟು ಪೈಪ್‌ಗಳನ್ನು ಜಾಯಿಂಟರ್ ಹಾಕಿ ಸೇರಿಸಿ, ಏರ್ ತೆಗೆದು ಸ್ಟಾರ್ಟ್ ಮಾಡಿದೆವು. ಸಣ್ಣ ಗೇರ್‌ನಲ್ಲೇ ತೆವಳಿಕೊಂಡು ಸಕಲೇಶಪುರ ಮುಟ್ಟಿದೆವು.

ಯಾರ್ಡ್‌ಗೆ ಬಂದು ಟ್ಯಾಂಕ್ ಇಳಿಸಿದಾಗ ಗೊತ್ತಾಯಿತು. ತಳದಲ್ಲಿ ನೀರು. ಡೀಸೆಲ್ ಕೆಳಗೆ ನೀರು ನಿಂತರೆ ಆ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಈ ಲೋಳೆ ಆಗುತ್ತದೆ. ಎಳೆಯುವ ಪೈಪಿನ ತುದಿಯ ಜಾಲಿ ಅರ್ಧ ಮುಚ್ಚಿತ್ತು. ಹಳೆ ಹೋಸ್ ಹೊರಗೆ ಚೆನ್ನಾಗಿತ್ತು, ಕತ್ತರಿಸಿ ನೋಡಿದರೆ ಒಳಪದರ ಸಿಪ್ಪೆ ಎದ್ದಿತ್ತು. ಜೋರಾಗಿ ಎಳೆದಷ್ಟೂ ಆ ಸಿಪ್ಪೆ ದಾರಿ ಮುಚ್ಚುತ್ತದೆ. ಖಾಲಿ ಗಾಡಿಗೆ ತೊಂದರೆ ಇಲ್ಲ, ಲೋಡ್‌ಗೆ ಮಾತ್ರ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಇತ್ತು.

ಪಂಪ್ ಡೀಸೆಲ್ ಎಳೆಯುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ. ನಿಜಕ್ಕೂ ಟ್ಯಾಂಕಿನಲ್ಲಿರುವ ಡೀಸೆಲನ್ನು ತಳ್ಳೋದು ಹೊರಗಿನ ಗಾಳಿ. ಅದರ ಒತ್ತಡ ಸಮುದ್ರಮಟ್ಟದಲ್ಲೇ ಸುಮಾರು 1 ಬಾರ್, ಘಾಟಿ ಹತ್ತಿದರೆ ಅದಕ್ಕಿಂತ ಕಮ್ಮಿ. ಎಷ್ಟೇ ದೊಡ್ಡ ಪಂಪ್ ತಂದರೂ ಅದರ ಹಿಂದಿನ ಬಲ ಅಷ್ಟೇ. ಆ ಕಡೆ, ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಎಳೆಯುವ ಕಡೆ, 2 ಮೈಕ್ರಾನ್ ಫಿಲ್ಟರ್ ಇಟ್ಟರೆ, ಎಳನೀರಿನ ಸ್ಟ್ರಾಗೆ ಬಟ್ಟೆ ಕಟ್ಟಿ ಹೀರಿದ ಹಾಗೆ. ಜೊತೆಗೆ ವ್ಯಾಕ್ಯೂಮ್ ಜಾಸ್ತಿ ಆದರೆ ಡೀಸೆಲ್‌ನಲ್ಲಿ ಕರಗಿದ ಗಾಳಿಯೇ ಗುಳ್ಳೆಯಾಗಿ ಹೊರಬರುತ್ತದೆ. ಆ ಕಡೆ ಜಾಯಿಂಟ್ ಸಡಿಲ ಇದ್ದರೆ ಇಂಜಿನ್ ಓಡುವಾಗ ಒಂದು ಹನಿಯೂ ಸೋರಲ್ಲ, ಗಾಳಿ ಒಳಗೆ ಹೋಗುತ್ತದೆ. ಲೀಕ್ ಹುಡುಕಿ ಹುಡುಕಿ ಸಾಯಬೇಕು.

ಹಾಗಂತ ಪಂಪಿನ ಹಿಂದೆ, ಟ್ಯಾಂಕ್ ಕಡೆಗೆ, ಏನೂ ಬೇಡ ಅಂತಲ್ಲ. ವಾಟರ್ ಸೆಪರೇಟರ್ ಇರುವ ಒರಟು ಫಿಲ್ಟರ್, 30 ಮೈಕ್ರಾನ್ ಆಸುಪಾಸಿನದು, ಅಲ್ಲೇ ಇರಬೇಕು. ನೀರು ಪಂಪಿನೊಳಗೆ ಹೋದರೆ ಕಡೆದಂತಾಗಿ ಸಣ್ಣ ಸಣ್ಣ ಹನಿ ಆಗಿಬಿಡುತ್ತದೆ, ಆಮೇಲೆ ಬೇರ್ಪಡಿಸೋದು ಕಷ್ಟ. ಸಣ್ಣ ಕಣ್ಣಿನ ಫಿಲ್ಟರ್ ಪಂಪ್ ಆದಮೇಲೆ, ತಳ್ಳುವ ಕಡೆಗೆ. ಕಂಪನಿ ಫಿಟ್ಟಿಂಗ್‌ನಲ್ಲಿ ಇದ್ದದ್ದೂ ಹಾಗೇ! ನಾವು ಬುದ್ಧಿ ಖರ್ಚು ಮಾಡಿ ಕೆಡಿಸಿದೆವು.

ನಿಜವಾಗಿಯೂ ಲಿಫ್ಟ್ ಪಂಪ್ ಬೇಕಾದರೆ ಬಾಕ್ಸ್ ಮೇಲಿನ ಲೀಟರ್ ನಂಬಬೇಡಿ. ಎಷ್ಟೋ ಸಲ ಅದು ಎದುರಿಗೆ ಯಾವ ತಡೆಯೂ ಇಲ್ಲದಾಗಿನ ಅಳತೆ. ಕೆಲಸ ಮಾಡುವ ಪ್ರೆಶರ್‌ನಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿ. ಇಂಜಿನ್ ಸುಡುವ ಡೀಸೆಲ್ ಮಾತ್ರ ಲೆಕ್ಕ ಹಾಕಿದರೆ ಸಾಲದು, ರಿಟರ್ನ್ ಲೈನ್‌ನಲ್ಲಿ ವಾಪಸ್ ಹೋಗೋದೂ ಸೇರಬೇಕು. ರಿಲೇ ಇಲ್ಲದೆ ತೆಳು ವೈರ್ ಎಳೆದರೆ ಪಂಪ್‌ಗೆ 24 ವೋಲ್ಟ್ ಮುಟ್ಟಲ್ಲ. ಪಂಪ್ ಸತ್ತರೂ ಡೀಸೆಲ್ ಹಾಯುವಂತೆ ಬೈಪಾಸ್ ಇರಲೇಬೇಕು, ಇಲ್ಲದಿದ್ದರೆ ಸತ್ತ ಪಂಪೇ ಅಡ್ಡ. ಮುಂದಿನ ಪಂಪಿನ ಒಳಬಾಯಿಗೆ ಎಷ್ಟು ಪ್ರೆಶರ್ ಕೊಡಬಹುದು ಅಂತ ಮ್ಯಾನುಯಲ್‌ನಲ್ಲಿ ಮಿತಿ ಇರುತ್ತದೆ, ಅದನ್ನೂ ನೋಡಿ. ಮೈಕೋ ಕಂಪನಿಯ ಹಳೆ ಪಂಪ್‌ಗಳು ಒಂದಿಷ್ಟು ಕಸ ತಡೆದುಕೊಳ್ಳುತ್ತಿದ್ದವು. 1600 ಬಾರ್‌ನ ಕಾಮನ್ ರೈಲ್‌ಗೆ ಆ ತಾಳ್ಮೆ ಇಲ್ಲ.

ಆ ಗಾಡಿಗೆ ಹೊಸ ಹೋಸ್ ಹಾಕಿ, ಟ್ಯಾಂಕ್ ತೊಳೆದು, ಎಲೆಕ್ಟ್ರಿಕ್ ಪಂಪ್ ಕಿತ್ತುಬಿಟ್ಟೆವು. ಈಗ ಲೋಡ್ ಹಾಕಿಕೊಂಡೇ ಶಿರಾಡಿ ಹತ್ತುತ್ತದೆ. ಈಗ ಪಿಕಪ್ ದೂರು ಬಂದ ಗಾಡಿಗೆಲ್ಲ ಮೊದಲು ಪಂಪಿನ ಹಿಂದೆ ವ್ಯಾಕ್ಯೂಮ್ ಗೇಜ್ ಕಟ್ಟಿ, ಲೋಡ್‌ನಲ್ಲೇ ಓಡಿಸಿ ನೋಡುತ್ತೇನೆ. ಗೇಜ್ ತಂದಿದ್ದು ನನ್ನ ದುಡ್ಡಲ್ಲಿ. ಬಿಲ್ ಇನ್ನೂ ಪರ್ಚೇಸ್‌ನವರ ಟೇಬಲ್ ಮೇಲಿದೆ, "ಇದು ಯಾವ ಗಾಡಿ ಖರ್ಚಿಗೆ ಹಾಕೋದು ಸಾರ್?" ಅಂತ ಕೇಳುತ್ತಿದ್ದಾರೆ.